ಎರಡೂ ದಂಡಿನ್ಯಾಗ

ಮುಂಜಾನೆ ಐದಕ್ಕ ಗುಳೇದಗುಡ್ಡದಿಂದ ಟೆಂಪೋ.
ಮಗ್ಗ ನಿಂದ್ರಿಸಿ ಬಂದವರು ಮೂವತ್ತೆರಡು ಮಂದಿ.
ಬಾದಾಮಿ ದಾಟಿ ಕೆಂಪು ಕಲ್ಲಿನ ಬಯಲಾಗ
ಸಾಲು ಹಚ್ಚಿಸಿ ಒಬ್ಬ ಸಣ್ಣ ಹುಡುಗ ಎಣಿಸಿದ,
ಕುರಿ ಎಣಿಸಿದಂಗ, ಬೆನ್ನು ಮುಟ್ಟಿ ಮುಟ್ಟಿ:
ಹದಿನಾರು ಹಳದಿ, ಹದಿನಾರು ಕರಿ.

ಕಾಕಾಗೂ ಅಣ್ಣನ ಮಗಗೂ ಗಾದಿ ಜಗಳ,
ಸಾವಿರದ ನಾನೂರು ವರ್ಷದ ಹಿಂದಿಂದಂತ.
ಕೂಲಿ ಐನೂರು. ಊಟ ಅವರದು.
ಸತ್ತರ ಐವತ್ತು ಹೆಚ್ಚು.
ಎಲ್ಲಾರೂ ಸಾಯಾಕ ಕೈ ಎತ್ತಿದ್ವಿ.

ಹಳದಿ ದಂಡಿಗೆ ಎಣ್ಣಿ ಹಚ್ಚಿ ಮೈ ಮಿಂಚಿಸಿದ್ರು,
ಹಣಿಗೆ ಕುಂಕುಮ, ಪಟಕಾ ನೆಟ್ಟಗ.
ಕರಿ ದಂಡಿಗೆ ಮಸಿ. ಕೆದರಿದ ಕೂದಲು.
ಹಲ್ಲಿಗೆ ಕಂದು ಬಣ್ಣ ತಿಕ್ಕಿ
'ನಗುವಾಗ ಕೆಟ್ಟದಾಗಿ ಕಾಣಬೇಕು' ಅಂದ ಬಣ್ಣದಾಂವ.

ನಾನು ಕೇಳಬಾರದಿತ್ತು, ಕೇಳಿದೆ:
'ಸರ್, ಕಾಕಾನ ದಂಡೂ ಇದೇ ಊರಿಂದಲ್ಲೇನ್ರಿ?
ಕುಡಿದದ್ದು ಒಂದೇ ಹೊಳಿ ನೀರು,
ತಿಂದದ್ದು ಒಂದೇ ಎರಿ ಹೊಲದ ಜ್ವಾಳ.
ಅವರ ಹಲ್ಲಷ್ಟ ಯಾಕ ಹೊಲಸು?'
ಡೈರೆಕ್ಟರ್ ಸಿಟ್ಟಾಗಲಿಲ್ಲ. ಸಮಾಧಾನದಿಂದ ಹೇಳಿದ:
'ನೋಡುವವರಿಗೆ ಗೊತ್ತಾಗಬೇಕಲ್ಲ, ಯಾರು ಯಾರು ಅಂತ.'

ಹೌದಲ್ಲ.
ಆವತ್ತು ಅವರಿಗಾದರೂ ಹೆಂಗ ಗೊತ್ತಾತು?
ಧೂಳಾಗ ಕತ್ತಿ ಎತ್ತಿದಾಂವ
ಒಂದು ಉಸಿರು ತಡದು ಕೇಳಿರಬೇಕು,
'ಯಾರಾಂವಲೇ ನೀ?'
ಉತ್ತರ ಬಂದಿರಬೇಕು, ಅದೇ ಮಾತಿನ್ಯಾಗ, ಅದೇ ರಾಗದಾಗ,
ಮನಿತನದ ಹೆಸರು ಹಚ್ಚಿ.
ಆಮ್ಯಾಲೆ ಎತ್ತಿದ ಕೈ ಏನು ಮಾಡಿತೋ
ಅದನ್ನ ಕಲ್ಲಿನ್ಯಾಗ ಯಾರೂ ಕೆತ್ತಿಲ್ಲ.

ಮಧ್ಯಾಹ್ನ ಪಲಾವು, ಪಾಕೀಟಿನ ಮಜ್ಜಿಗಿ.
ಉಂಡು ಏಳೂದ್ರಾಗ ಕಾಕಾನ ಕಡಿ ಮಂದಿ ಸಾಲಲಿಲ್ಲ.
ನನ್ನ ಕುಂಕುಮ ಒರಸಿ ಮಸಿ ಬಳದ್ರು.
ಮುಂಜಾನೆ ನಾ ಒಗದ ಭರ್ಚಿ
ಬಂದು ನಡೂದು ನನಗ ಅಂತ ಆಗ ತಿಳೀತು.

ಮೂರರ ಸುಮಾರಿಗೆ ಹೊಳಿಬಸಪ್ಪ ಬಿದ್ದ.
ಹೇಳಿದ ಜಾಗಾದಾಗ ಅಲ್ಲ, ಕಲ್ಲಿನ ಮ್ಯಾಲೆ.
'ಯವ್ವಾ' ಅಂದದ್ದು ಬರದು ಕೊಟ್ಟ ಮಾತಲ್ಲ.
ಎದುರಿನ ಹಳದಿ ಸಾಲಿಂದ ಮಾಬುಸಾಬ
ಢಾಲು ಒಗದು ಓಡಿ ಬಂದ:
'ಏ ಮಾವಾ, ಎಲ್ಲಿ ಹತ್ತಿತೋ?'

'ಕಟ್! ಕಟ್!
ಶತ್ರುಗೆ ಯಾರಾದ್ರೂ ಮಾವ ಅಂತಾರೇನ್ರೀ?'

ನಾವೆಲ್ಲ ನಕ್ವಿ.
ಹೊಳಿಬಸಪ್ಪನೂ ನಕ್ಕ, ಮೊಣಕಾಲು ಒತ್ತಿ ಹಿಡಕೊಂಡು,
ಕಂದು ಹಲ್ಲು ಕಾಣೂವಂಗ.

ಎಂಟು ತಿಂಗಳಿಗೆ ಬಾಗಲಕೋಟಿಗೆ ಬಂತು ಸಿನಿಮಾ.
ಮೂವತ್ತೆರಡು ಮಂದಿ ಮೂವತ್ತು ಸಾವಿರ ಆಗಿದ್ವಿ,
ನಮ್ಮವೇ ತಲಿ ಗುಡ್ಡದ ತನಕಾ ನಕಲಾಗಿ.
ಹಳದಿಯಾಂವ ಸತ್ತರ ಕೊಳಲು,
ನಿಧಾನಕ್ಕ ಬೀಳೂ ಪಟಕಾ, ಊರಾಗ ದೀಪ ಹಚ್ಚಿದ ತಾಯಿ.
ಕರಿಯಾಂವ ಸತ್ತರ ಧೂಳು.
ಇಡೀ ದಂಡಿಗೆ ಒಬ್ಬ ತಾಯಿನೂ ಇರಲಿಲ್ಲ.

ನಾನು ಕಾದೆ, ಆ 'ಮಾವಾ' ಎಲ್ಲೆರೆ ಬರತೈತೇನು ಅಂತ.
ತಪ್ಪಿ ಉಳಿದಿರತೈತಿ ಒಮ್ಮೊಮ್ಮೆ,
ನೇದ ಅರಿವ್ಯಾಗ ಹರದ ಎಳಿಯ ಗಂಟು ಉಳಿದಂಗ.
ಬರಲಿಲ್ಲ.

ಭರ್ಚಿ ಬಂತು.
ಮಗಳು ಕುರ್ಚಿ ಮ್ಯಾಲೆ ಎದ್ದು ನಿಂತು ಚೀರಿದಳು,
'ಅಪ್ಪಾ! ಅಲ್ಲಿ ನೀನು! ಒಗದಿ!'
ಹಿಂದಿನ ಸಾಲಿನವರು ಸಿಳ್ಳಿ ಹಾಕಿದ್ರು.
ಕಣ್ಣು ಮಿಟುಕೂದ್ರಾಗ ಆಚಿ ಕಡಿ ಒಬ್ಬ
ಮಸಿ ಮಾರಿಯಾಂವ ಎದಿ ಹಿಡಕೊಂಡು ಉಳ್ಳಿದ.
ಆಕಿ ಇನ್ನೂ ಜೋರು ಚಪ್ಪಾಳಿ ಹೊಡದಳು.

ಮಸಿ ಕಿವಿ ಹಿಂದ ವಾರ ಇತ್ತು.
ಮನಿಯಾಕಿ ಸೀಗಿಕಾಯಿ ಹಚ್ಚಿ ತಿಕ್ಕಿದ್ದಳು.
ಮಗಳಿಗೆ ನೆನಪಿಲ್ಲ, ಸಣ್ಣಾಕಿ.

ಮೆಟ್ಟಲಾ ಇಳಿಯೂವಾಗ ಬೆರಳು ಜಗ್ಗಿ ಕೇಳಿದಳು:
'ಅಪ್ಪಾ, ಆ ಕೆಟ್ಟಾಂವ ಖರೇನ ಸತ್ತನೇನು?'

ಸತ್ತ, ಅಂದೆ.
ಐವತ್ತು ರೂಪಾಯಿ ಹೆಚ್ಚು ಕೊಟ್ರು.